ಕಂಚಿನ ಸದ್ದು

ಗುಂಡ್ಲುಪೇಟೆ
ಭಾನುವಾರ

ಕೆಳಮನೆಯ ಮೃತ್ಯುಂಜಯಪ್ಪನವರಿಗೆ ಮಹಡಿ ಮನೆಯ ಪುಟ್ಟತಾಯಿಯ ನಮಸ್ಕಾರ.

ನಿನ್ನೆ ಮೆಟ್ಟಿಲ ಹತ್ತಿರ ನಮ್ಮ ಯಜಮಾನರನ್ನು ನಿಲ್ಲಿಸಿಕೊಂಡು, "ಸಂಜೆ ಆಯ್ತು ಅಂದ್ರೆ ನಿಮ್ ಚಿಕ್ಕವ್ನು ಕಂಸಾಳೆ ಬಡಿತಾನೆ ಕಣಪ್ಪ. ಅಕ್ಕ ಹೋದ ಸಂಕ್ಟ ಇರ್ತದೆ, ಆದ್ರೂ ಒಸಿ ಹೇಳು" ಅಂದಿರಂತೆ. ಅವರು ತಲೆ ತಗ್ಗಿಸಿಕೊಂಡು ಬಂದರು. ನನಗೆ ಸಿಟ್ಟು ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕವನು ಇಲ್ಲಿಲ್ಲ ಸ್ವಾಮಿ. ಅವನ ಅಕ್ಕ, ನಮ್ಮ ತೇಜು ಜ್ವರದಲ್ಲಿ ತೀರಿಕೊಂಡ ಮೇಲೆ ಅವನನ್ನು ಕುದೇರಿಗೆ, ನನ್ನ ತಾಯಿಯ ಮನೆಗೆ ಕಳಿಸಿದ್ದೇವೆ. ಮೇಲೆ ಇರುವುದು ನಾವಿಬ್ಬರೇ. ಸಂಜೆ ಟಿ.ವಿ.ಯನ್ನೂ ಹಾಕುವುದಿಲ್ಲ.

ಅವಳಿದ್ದಾಗ ನೀವು ಬೈಯುತ್ತಿದ್ದದ್ದರಲ್ಲಿ ತಪ್ಪಿಲ್ಲ. ಕಂಸಾಳೆ ತಂಡದಲ್ಲಿ ಹುಡುಗರ ಸಮಕ್ಕೆ ಕುಣಿಯಬೇಕೆಂದು ಅವಳಿಗೆ ಆಸೆ. ಆದರೆ ಕಂಚಿನ ತಾಳದ ಬದಲು ಅವಳು ಬಡಿಯುತ್ತಿದ್ದದ್ದು ಸಕ್ಕರೆ ಡಬ್ಬದ ಮುಚ್ಚಳ, ಕಾಫಿಪುಡಿ ಡಬ್ಬದ ಮುಚ್ಚಳ. "ಅವ್ವಾ, ಇದು ಡಬಡಬ ಅಂತದೆ, ಕಂಚಿಂದು ಕೊಡ್ಸು" ಅನ್ನುತ್ತಿದ್ದಳು. "ನಿಮ್ಮಪ್ಪಂಗೆ ಬೋನಸ್ ಬರ್ಲಿ ಕಣಮ್ಮಿ" ಅಂತ ನಾನು ಹೇಳುತ್ತಲೇ ಇದ್ದೆ. ಆ ಮುಚ್ಚಳಗಳು ಈಗ ಡಬ್ಬಗಳ ಮೇಲೇ ಇವೆ.

ನಿಮಗೆ ಕೇಳುವುದು ಕಂಚಿನ ಸದ್ದು, ಬಡಿದ ಮೇಲೂ ತುಂಬಾ ಹೊತ್ತು ಗುಂಯ್ ಅನ್ನುತ್ತದೆ ಅಂದಿರಂತೆ. ನಮ್ಮ ಮನೆಗೆ ಕಂಚು ಬರಲೇ ಇಲ್ಲ.

ಮೇಲೆ ನಮಗೆ ಏನೂ ಕೇಳಿಸುವುದಿಲ್ಲ. ನಿಮಗೆ ತೊಂದರೆಯಾಗದಿದ್ದರೆ, ನಾಳೆ ಸಂಜೆ ನಿಮ್ಮ ನಡುಮನೆಯಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಲು ಬಿಡಿ. ನಾನು ಮಾತಾಡುವುದಿಲ್ಲ.

ತೇಜುವಿನ ಅವ್ವ,
ಪುಟ್ಟತಾಯಿ