ಕಚ್ಚಾ ಹೊಲಿಗೆಯ ಲೆಕ್ಕ

ಮಾರ್ಚ್ 12, ಭಾನುವಾರ ಬೆಳಿಗ್ಗೆ

ಮುದ್ದಿನ ಮಗಳೇ,

ಹೇಗಿದ್ದೀಯಾ? ಎರಡು ತಿಂಗಳಿಂದ ಕಾಗದವಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ. ಆದರೆ ಕಾರಣ ಕೇಳಿದರೆ ಬಿದ್ದು ಬಿದ್ದು ನಗುತ್ತೀಯ. ನಿನ್ನಮ್ಮ ಗಣಿತದ ಪರೀಕ್ಷೆ ಬರೆದಳು! ಹಗಲೆಲ್ಲ ಅಂಗಡಿಯಲ್ಲಿ ಕೋಟು ಹೊಲಿದು, ಸಂಜೆ ತರಗತಿಗೆ ಹೋಗಿ, ಅರ್ಧಕ್ಕೆ ಬಿಟ್ಟಿದ್ದ ಓದನ್ನು ನಲವತ್ತೇಳನೇ ವಯಸ್ಸಿನಲ್ಲಿ ಮುಂದುವರಿಸಿದೆ. ಪಾಸಾದರೆ ಮಾತ್ರ ನಿನಗೆ ಹೇಳುವುದೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನಿಮ್ಮಪ್ಪನಿಂದಲೂ ಆಣೆ ಹಾಕಿಸಿಕೊಂಡಿದ್ದೆ. ಪಾಪ, ಅವರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದೇ ಕಷ್ಟ.

ನನ್ನನ್ನು ಗೋಳು ಹೊಯ್ದುಕೊಂಡಿದ್ದು ಘಾತ ಸಮೀಕರಣ. 9ˣ − 12·3ˣ + 27 = 0. ತಲೆಯ ಮೇಲೆ x ಹೊತ್ತ ಒಂಬತ್ತು ಒಂದು ಕಡೆ, ಮೂರು ಇನ್ನೊಂದು ಕಡೆ. ಆಧಾರವೇ ಬೇರೆಯಾದರೆ ಬಿಡಿಸುವುದು ಹೇಗೆ? ನನ್ನ ಅರ್ಧ ವಯಸ್ಸಿನ ಮೇಡಂ, "ಅಮ್ಮಾ, ಒಂಬತ್ತು ಅಂದ್ರೆ ಮೂರರ ವರ್ಗ ತಾನೆ? ಎಲ್ಲಾ ಮೂರಕ್ಕೇ ತನ್ನಿ. ಆಮೇಲೆ 3ˣ ಇರೋ ಕಡೆ ಸದ್ಯಕ್ಕೆ y ಅಂತ ಬರ್ಕೊಳ್ಳಿ" ಎಂದರು. ಬರೆದೆ. ಆ ರಾಕ್ಷಸ y² − 12y + 27 = 0 ಎಂಬ ಸಾಧುಪ್ರಾಣಿಯಾಯಿತು! y ಬೆಲೆ 3 ಅಥವಾ 9. ಅಲ್ಲಿಗೇ ಗೆರೆ ಎಳೆದು, ಎಲ್ಲರಿಗಿಂತ ಮೊದಲು ಪುಸ್ತಕ ಕೊಟ್ಟು, ಕಾಲ ಮೇಲೆ ಕಾಲು ಹಾಕಿ ಕೂತೆ. ಬಂದದ್ದು ಸೊನ್ನೆ!

"ಕೇಳಿದ್ದು x, ನೀವು ಕೊಟ್ಟಿದ್ದು y. ಕೋಟಿಗೆ ಕಚ್ಚಾ ಹೊಲಿಗೆ ಹಾಕ್ತೀರಲ್ಲಮ್ಮಾ, ಅದನ್ನ ಬಿಚ್ಚದೇನೇ ಗಿರಾಕಿಗೆ ಕೊಟ್ಟುಬಿಡ್ತೀರಾ?" ಎಂದರು ಮೇಡಂ.

ಇಪ್ಪತ್ತು ವರ್ಷ ಸೂಜಿ ಹಿಡಿದವಳಿಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು. y ಬಿಚ್ಚಿದೆ. 3ˣ = 3 ಆದರೆ x ಒಂದು; 3ˣ = 9 ಆದರೆ x ಎರಡು. ಅಷ್ಟೇ ಕಣೇ!

ಪರೀಕ್ಷೆಯಲ್ಲಿ ಒಂಬತ್ತು, ಮೂರರ ಬದಲು ನಾಲ್ಕು ಮತ್ತು ಎರಡರ ಇಂಥದೇ ಲೆಕ್ಕ ಬಂತು. ಉತ್ತರ ತಾಳೆಯಾದಾಗ ಖುಷಿಗೆ ಮೇಜು ಕುಟ್ಟಿಬಿಟ್ಟೆ. ಮೇಲ್ವಿಚಾರಕರು ಕಣ್ಣು ಕೆಂಪಗೆ ಮಾಡಿದರು. ನಿನ್ನೆ ಫಲಿತಾಂಶ ಬಂತು. ನೂರಕ್ಕೆ ಅರವತ್ತೆಂಟು! ನಿಮ್ಮಪ್ಪ ಬೀದಿಗೆಲ್ಲ ಡಂಗುರ ಸಾರಿ ಆಯಿತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸದಾ ನಗುನಗುತ್ತಾ ಇರು, ಬಂಗಾರ.

ನಿನ್ನ ಪಾಸಾದ ಅಮ್ಮ

ಇನ್ನೊಂದು ಮಾತು: ಎಂಟನೇ ತರಗತಿಯಲ್ಲಿ ನೀನೊಂದು ಲೆಕ್ಕ ಹಿಡಿದು ನನ್ನ ಹತ್ತಿರ ಬಂದಿದ್ದೆ. "ಕೆಲಸ ಇದೆ, ಆಚೆ ಹೋಗು" ಎಂದು ಗದರಿಬಿಟ್ಟೆ. ಆಮೇಲೆ ನೀನು ಪುಸ್ತಕ ಹಿಡಿದು ನನ್ನ ಬಳಿ ಬರಲೇ ಇಲ್ಲ. ಅವತ್ತು ನನಗೆ ಕೆಲಸವಿರಲಿಲ್ಲ ಮಗಳೇ, ಲೆಕ್ಕ ಬರುತ್ತಿರಲಿಲ್ಲ. ಅದು ಯಾವ ಲೆಕ್ಕ ಅಂತ ನೆನಪಿದ್ದರೆ ಬರೆದು ಕಳಿಸುತ್ತೀಯಾ?