ಗೆಲ್ಲಿಸಿ ಬೀದಿಗೆಳೆದ ಆದೇಶ

ಖಾಸಗಿ ಮಾಹಿತಿ ರಕ್ಷಣಾ ಪ್ರಾಧಿಕಾರದ ಮಾನ್ಯ ಅಧ್ಯಕ್ಷರೇ,

ಗುಟ್ಟು ಕಾಯಬೇಕಾದ ತಮ್ಮ ಕಚೇರಿಯೇ ನನ್ನ ಕಕ್ಷಿದಾರರೊಬ್ಬರ ಗುಟ್ಟನ್ನು ಊರಿಗೆಲ್ಲ ಸಾರಿದೆ. ನಮ್ಮನ್ನು ಸೋಲಿಸಿದ್ದರೆ ಮೇಲ್ಮನವಿ ಹಾಕುತ್ತಿದ್ದೆ. ತಾವು ಗೆಲ್ಲಿಸಿ ಈ ಕೆಲಸ ಮಾಡಿದ್ದೀರಿ. ಗೆದ್ದವರು ಯಾರ ಬಾಗಿಲು ಬಡಿಯಬೇಕು?

ಅವರನ್ನು ಪಿಟೀಲು ಕಲಿಸುವ ಟೀಚರ್ ಎಂದಿಟ್ಟುಕೊಳ್ಳಿ. ಗುರುತು ಸಿಗದಿರಲೆಂದು ಕಸುಬು ಬದಲಿಸಿದ್ದೇನೆ. ಒಬ್ಬ ಬಡ ವಕೀಲನಿಗೂ ಇಷ್ಟು ಸಾಧ್ಯ. ಅವರು ಒಂದು ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರು. ಔಷಧಿ ಅಂಗಡಿಯವರು ಹೆಸರು, ವಿಳಾಸ, ಕಾಯಿಲೆ ಸಮೇತ ‘ನಿಮ್ಮ ಮಾತ್ರೆ ಸಿದ್ಧವಾಗಿದೆ’ ಎಂಬ ಸಂದೇಶವನ್ನು ಅವರಿಗೆ ಕಳಿಸುವ ಬದಲು ಅವರಿದ್ದ ಕಟ್ಟಡದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರು. ಕೆಲವರು ಮಕ್ಕಳನ್ನು ಪಾಠದಿಂದ ಬಿಡಿಸಿದರು.

“ಹೋಗ್ಲಿ ಬಿಡಿ ಸರ್, ನಾಲ್ಕು ದಿನ ಮಾತಾಡ್ತಾರೆ, ಆಮೇಲೆ ಮರೀತಾರೆ” ಎಂದರು ಟೀಚರ್.

“ಅದಕ್ಕೇ ಅಂತ ಒಂದು ಕಚೇರಿ ಇದೆ ಮೇಡಂ. ಅಲ್ಲಿ ಹೇಳಿದ್ದು ಹೊರಗೆ ಹೋಗಲ್ಲ” ಎಂದು ನಾನು ಎದೆ ತಟ್ಟಿಕೊಂಡು ಹೇಳಿದೆ.

ಆ ಧೈರ್ಯ ಸುಮ್ಮನೆ ಬಂದದ್ದಲ್ಲ. ಜಮೀನು ವ್ಯಾಜ್ಯಗಳ ಭದ್ರವಾದ ವಕೀಲಿಕೆ ಬಿಟ್ಟು ಈ ಕಾನೂನು ಹಿಡಿದಾಗ ನನ್ನ ಹಿರಿಯ ವಕೀಲರು, “ಗುಟ್ಟು ಕಾಯೋಕೆ ಯಾರಪ್ಪಾ ಫೀಸ್ ಕೊಡ್ತಾರೆ?” ಎಂದು ನಕ್ಕಿದ್ದರು. ಮಾಹಿತಿ ಸೋರಿಕೆ ಎಂದರೆ ನ್ಯಾಯಾಧೀಶರೇ ಆಕಳಿಸುತ್ತಿದ್ದ ಕಾಲ. ಇಂಥದೊಂದು ಪ್ರಾಧಿಕಾರ ಬೇಕೆಂದು ಸಭೆಯಿಂದ ಸಭೆಗೆ ಚಪ್ಪಲಿ ಸವೆಸಿದೆ. ಅದು ಹುಟ್ಟಿದ ದಿನ ಮನೆಯಲ್ಲಿ ಮಗು ಹುಟ್ಟಿದಷ್ಟು ಸಂಭ್ರಮಪಟ್ಟೆ. ತಮ್ಮ ಹೊಸ ಸಿಬ್ಬಂದಿಗೆ ಪಾಠ ಹೇಳಿದವನೂ ನಾನೇ.

ನನ್ನ ಮಾತು ನಂಬಿ ಟೀಚರ್ ದೂರು ಕೊಟ್ಟರು. ಆಮೇಲೆ ಆದೇಶ ಬಂತು. ಆಹಾ, ಏನು ಗಾಂಭೀರ್ಯ! ‘ಖಾಸಗಿತನವೇ ಮನುಷ್ಯನ ಘನತೆ’ ಎಂದಿರಿ, ಅಂಗಡಿಗೆ ದಂಡ ಹಾಕಿದಿರಿ. ಸೋರಿಕೆ ಎಷ್ಟು ಘೋರವೆಂದು ಮನದಟ್ಟು ಮಾಡಲು ಸೋರಿದ್ದನ್ನೆಲ್ಲ ಆದೇಶದಲ್ಲೇ ಎತ್ತಿ ಬರೆದಿರಿ: ಟೀಚರ ಹೆಸರು, ವಿಳಾಸ, ಕಾಯಿಲೆ, ಮಾತ್ರೆ. ಅದನ್ನು ಮಾದರಿ ಆದೇಶವೆಂದು ತಮ್ಮ ಜಾಲತಾಣಕ್ಕೂ ಏರಿಸಿದಿರಿ. ಅಂಗಡಿಯ ಹೆಸರಿನ ಮೇಲೆ ಮಾತ್ರ, ವ್ಯಾಪಾರಕ್ಕೆ ಧಕ್ಕೆಯಾಗದಿರಲೆಂದು, ಕಪ್ಪು ಗೆರೆ ಎಳೆದಿರಿ. ಮರ್ಯಾದೆ ಇರುವುದು ಅಂಗಡಿಗಳಿಗೆ ಮಾತ್ರವೇ ಸ್ವಾಮಿ?

ಎದ್ದೆನೋ ಬಿದ್ದೆನೋ ಎಂದು ತಮ್ಮ ಕಚೇರಿಗೆ ಓಡಿಬಂದೆ. ನನ್ನ ಪಾಠಕ್ಕೆ ಮುಂದಿನ ಸಾಲಿನಲ್ಲೇ ಕೂತು ತಲೆಯಾಡಿಸಿದ್ದ ಅಧಿಕಾರಿ ಸಿಕ್ಕರು.

“ಪ್ರಕಟ ಆದ್ಮೇಲೆ ತೆಗಿಯೋಕೆ ಬರಲ್ಲ ಸರ್. ಬೇಕಿದ್ರೆ ಅವರು ಹೊಸದಾಗಿ ದೂರು ಕೊಡ್ಲಿ.”

“ಆ ದೂರಿಗೂ ಆದೇಶ ಬರತ್ತಲ್ಲ?”

“ಅದನ್ನೂ ಹಾಕ್ತೀವಿ. ಪಾರದರ್ಶಕತೆ ಇರ್ಬೇಕಲ್ವಾ!”

ತಮಗೆ ಖಾಸಗಿಯಾಗಿ ಬರೆದ ಪತ್ರಗಳಿಗೂ ಉತ್ತರವಿಲ್ಲ. ಈಗ ಟೀಚರ ಹೆಸರು ಹುಡುಕಿದರೆ ಮೊದಲು ಸಿಗುವುದು ತಮ್ಮ ಆದೇಶವೇ. ಅದನ್ನು ಓದಿದ ಶಾಲೆಯೊಂದು ಕೊಟ್ಟ ಕೆಲಸವನ್ನು ಹಿಂದಕ್ಕೆ ಪಡೆಯಿತು. ಇನ್ನೊಂದು ಶಾಲೆ ಮುಂದಿನ ವಾರ ಸಂದರ್ಶನಕ್ಕೆ ಕರೆದಿದೆ.

“ಸೋತಿದ್ರೇ ಚೆನ್ನಾಗಿರ್ತಿತ್ತು ಅಲ್ವಾ ಸರ್?” ಎಂದು ಟೀಚರ್ ಕೇಳಿದರು. ಈ ಬಹಿರಂಗ ಪತ್ರಕ್ಕೆ ಒಪ್ಪಿಗೆ ಕೇಳಿದಾಗ, “ಬರೀರಿ, ಮುಚ್ಚೋಕೆ ಇನ್ನೇನು ಉಳಿದಿದೆ?” ಎಂದರು.

ಅಂಗಡಿಯವರದು ಕೈತಪ್ಪು. ತಮ್ಮದು ಹಾಗಲ್ಲ, ಓದಿ, ತಿದ್ದಿ, ಸಹಿ ಹಾಕಿ ಮಾಡಿದ್ದು. ನಂಬಿಸಿ ಕೈಬಿಟ್ಟಿರಿ. ಹೊಟ್ಟೆ ಉರಿಯುತ್ತದೆ ಮಾನ್ಯರೇ. ಮೊನ್ನೆ ಇನ್ನೊಬ್ಬರು ಸೋರಿಕೆಯ ದೂರು ಹಿಡಿದು ಬಂದಿದ್ದರು. “ಈಗ ಎಷ್ಟು ಜನಕ್ಕೆ ಗೊತ್ತೋ ಅಷ್ಟಕ್ಕೇ ನಿಲ್ಲಲಿ, ಪ್ರಾಧಿಕಾರಕ್ಕೆ ಹೋಗ್ಬೇಡಿ” ಎಂದು ನಾನೇ ವಾಪಸ್ ಕಳಿಸಿದೆ.

ಸಂದರ್ಶನಕ್ಕೆ ಮೊದಲೇ ಆ ಆದೇಶವನ್ನು ಜಾಲತಾಣದಿಂದ ಇಳಿಸಿ. ಇನ್ನು ಮುಂದೆ ಯಾವ ದೂರುದಾರರ ಗುರುತನ್ನೂ ಪ್ರಕಟಿಸಬೇಡಿ. ಕ್ಷಮೆ ಕೇಳುವುದಿದ್ದರೆ ಅವರ ಮನೆಗೆ ಹೋಗಿ ಕೇಳಿ. ದಯವಿಟ್ಟು ಪ್ರಕಟಣೆ ಮಾತ್ರ ಹೊರಡಿಸಬೇಡಿ. ಅದರಲ್ಲೂ ಅವರ ಹೆಸರು ಹಾಕುತ್ತೀರಿ.

ಇಂತಿ,
ಗೆದ್ದ ಕಕ್ಷಿದಾರರಿಗೆ ಮುಖ ತೋರಿಸಲಾಗದ ವಕೀಲ