ಬೆಳಗಿನ ಏಳರ ಸೊನ್ನೆ

ಮಾರ್ಚ್ 3, ಬೆಳಗ್ಗೆ 7
ಆವಿ ಸೋರುತ್ತಿದೆಯೇ ನೋಡಲು ಗ್ಯಾಸ್ ಮೀಟರ್ ಹಿಡಿದು ನಾಲ್ಕೂ ಟ್ಯಾಂಕ್ ಹತ್ತಿಳಿದೆ. ನಾಲ್ಕೂ ಸೊನ್ನೆ. ಸೊನ್ನೆ ಬರದೆ ಇನ್ನೇನು? ತಂಪಿನಲ್ಲಿ ಸಾಲ್ವೆಂಟ್ ಸುಮ್ಮನೆ ಮಲಗಿರುತ್ತದೆ, ಆವಿಯಾಗಿ ಏಳುವುದು ಬಿಸಿಲೇರಿದ ಮೇಲೆ. ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದೆ.

ಮಧ್ಯಾಹ್ನ 2
ಯಾರೂ ಹೇಳದಿದ್ದರೂ ಮತ್ತೆ ಹತ್ತಿದೆ. ನಾಲ್ಕನೆಯದರ ರಿಲೀಫ್ ವಾಲ್ವ್, ಒತ್ತಡ ಮೀರಿದಾಗ ಮಾತ್ರ ತೆರೆಯಬೇಕಾದದ್ದು, ಅದರ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದೆ. ಐದು ನಿಮಿಷಕ್ಕೆ ಬಿಗಿಯಾಗಿ ಉಬ್ಬಿತು. ಮೀಟರ್ 340, ಉಸಿರಾಡಬಾರದ ಮಟ್ಟ. ಒಳಗಿನ ರಬ್ಬರ್ ರಿಂಗ್ ಸವೆದಿದೆ, ಮುಚ್ಚಳ ಕೂರುತ್ತಿಲ್ಲ. ಮಧ್ಯಾಹ್ನದ ಲೆಕ್ಕಕ್ಕೆ ರಿಜಿಸ್ಟರಿನಲ್ಲಿ ಕಾಲಮ್ಮೇ ಇಲ್ಲ. ಇಲ್ಲಿ ಬರೆದಿಡುತ್ತೇನೆ.

ಮಾರ್ಚ್ 4
ಮ್ಯಾನೇಜರ್‌ಗೆ ಹೇಳಿದೆ.
"ಏಳು ಗಂಟೆಗೆ ಸೊನ್ನೆ ಇದೆಯಲ್ರೀ. ಎರಡು ಗಂಟೆಗೆ ಹತ್ತಿ ಅಂತ ನಿಮಗೆ ಹೇಳಿದವ್ರು ಯಾರು?"
ರಿಂಗ್ ತರಿಸುತ್ತಾರಂತೆ. ನೋಡೋಣ.

ಮಾರ್ಚ್ 19
ರಿಂಗ್ ಬಂತು, ಒಂದೇ ಒಂದು. ಒಂದನೇ ಟ್ಯಾಂಕಿಗೆ ಹಾಕಿಸಿದರು. ಅದು ಗೇಟಿನ ಪಕ್ಕದ್ದು, ಇನ್‌ಸ್ಪೆಕ್ಟರ್ ಹತ್ತುವುದು ಅದೊಂದನ್ನೇ. ಸೋರದ ವಾಲ್ವಿಗೆ ಹೊಸ ರಿಂಗ್. ಕೂರಿಸಿದ್ದು ನನ್ನದೇ ಕೈ. ಥೂ.

ಮಾರ್ಚ್ 26
ಭಾವಮೈದುನ ಊಟಕ್ಕೆ ಬಂದಿದ್ದ. ಎರಡು ತುತ್ತು ತಿಂದು ತಟ್ಟೆ ಸರಿಸಿದ. ತಲೆ ಸುತ್ತು, ವಾಕರಿಕೆ. ದಿನಾ ಮಧ್ಯಾಹ್ನ ಟ್ಯಾಂಕ್ ಹತ್ತಿ ಟೇಪ್ ಇಳಿಬಿಟ್ಟು ಮಟ್ಟ ಅಳೆಯುವವನು ಅವನೇ. ಕೆಲಸ ಕೊಡಿಸಿದ್ದು ನಾನು.
"ನೀವಿದ್ದೀರಲ್ಲ ಅಲ್ಲಿ, ಇವನಿಗೇನು ಚಿಂತೆ" ಎಂದಳು ನನ್ನ ಹೆಂಡತಿ.
ವಾಲ್ವ್ ಸೋರುತ್ತಿದೆ ಎಂದು ಆಗಲೇ ಹೇಳಿಬಿಡಬೇಕಿತ್ತು. ಆದರೆ ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ನಾನೇ ಸುದ್ದಿ ಹಬ್ಬಿಸಿದೆನೆಂದು ನಾಳೆ ಮ್ಯಾನೇಜರ್ ಕಿವಿಗೆ ಬೀಳುತ್ತದೆ. ಇನ್ನೊಂದು ರಿಂಗ್ ಬರಲಿ, ಆಮೇಲೆ ಹೇಳಿದರಾಯಿತು...

ಏಪ್ರಿಲ್ 14
ಐದು ದಿನವಾಯಿತು, ಬರೆಯಲು ಪೆನ್ ಹಿಡಿಯಲಾಗಲಿಲ್ಲ. ಭಾವಮೈದುನ ಬಿದ್ದ. ನಾಲ್ಕನೇ ಟ್ಯಾಂಕ್ ಮೇಲೆ ತಲೆ ಸುತ್ತಿ, ಮೆಟ್ಟಿಲಿನಿಂದ ಕೆಳಗೆ. ಸೊಂಟದ ಮೂಳೆ ಹೋಗಿದೆ. ಕಾಲು ಅಲ್ಲಾಡುತ್ತಿಲ್ಲ.
ಮ್ಯಾನೇಜರ್ ವರದಿ ಬರೆದಾಯಿತು: ವಾಲ್ವ್ ಸರಿಯಿತ್ತು, ಕೆಲಸಗಾರ ಮಾಸ್ಕ್ ಹಾಕಿರಲಿಲ್ಲ. ಪುರಾವೆಗೆ ನನ್ನ ಸಹಿ ಇರುವ ಪುಟ.
ನನಗೂ ಅವನ ಮೇಲೇ ಸಿಟ್ಟು. ಮೆಟ್ಟಿಲ ಬುಡದಲ್ಲೇ ಮಾಸ್ಕ್ ನೇತಾಡುತ್ತಿರುತ್ತದೆ, ಹಾಕಿಕೊಳ್ಳಲು ಏನು ದಾಡಿ?

ಏಪ್ರಿಲ್ 16
ಆಸ್ಪತ್ರೆ. ಇವಳು ನೀರು ತರಲು ಹೋದಾಗ ಕೇಳಿಯೇಬಿಟ್ಟೆ, ಯಾಕೋ ಮಾಸ್ಕ್ ಹಾಕಲಿಲ್ಲ ಎಂದು.
"ಹತ್ತೋಕ್ ಮುಂಚೆ ದಿನಾ ರಿಜಿಸ್ಟರ್ ನೋಡ್ತಿದ್ದೆ ಭಾವ. ಬೇರೆಯವ್ರು ಬರೆದಿದ್ರೆ ಹಾಕ್ಕೋತಿದ್ದೆ. ಸಹಿ ನಿಮ್ದಿತ್ತಲ್ಲ."
ತಮಾಷೆಗೆ ಹೇಳಿದನೇನೋ ಎಂದು ಮುಖ ನೋಡಿದೆ. ಅಲ್ಲ. ನನಗೆ ಸಮಾಧಾನ ಹೇಳುತ್ತಿದ್ದ.

ಏಪ್ರಿಲ್ 21, ಬೆಳಗ್ಗೆ 7
ನಾಲ್ಕನೇ ಟ್ಯಾಂಕ್. ಮೀಟರ್ ಸೊನ್ನೆ. ಸುಳ್ಳಂತೂ ಅಲ್ಲ. ರಿಂಗ್ ಇನ್ನೂ ಬಂದಿಲ್ಲ. ಅಳತೆಗೆ ಹೊಸಬ ಬಂದಿದ್ದಾನೆ, ನಡುವಯಸ್ಸಿನವ, ಮಿತಭಾಷಿ. ಮೆಟ್ಟಿಲ ಬುಡದಲ್ಲಿ ನಿಂತಿದ್ದಾನೆ, ಒಂದು ಕೈ ಮಾಸ್ಕಿನ ಮೇಲೆ.
"ಎಷ್ಟಿದೆ ಸರ್? ಇದು ಬೇಕಾ ಮಧ್ಯಾಹ್ನಕ್ಕೆ?"
ರಿಜಿಸ್ಟರ್ ತೆರೆದೇ ಇದೆ. ಅವನಿಗೆ ಕಾಣುವಂತೆ ಸೊನ್ನೆಯ ಪಕ್ಕದ ಖಾಲಿ ಅಂಚಿನಲ್ಲಿ ಬರೆದೆ: ಮಾರ್ಚ್ 3, ಮಧ್ಯಾಹ್ನ 2ಕ್ಕೆ 340, ಮಾಸ್ಕ್ ಬೇಕೇ ಬೇಕು.